ಐದು ದಿನದ ತರಬೇತಿ ಮುಗಿಯಿತು, ಈಗ ಯಂತ್ರ ಮುಟ್ಟಲು ಭಯ

ಪ್ರಶ್ನೆ: ನಾನು ಎಂ.ಎಸ್ಸಿ. ಮೈಕ್ರೋಬಯಾಲಜಿ ಓದಿದ್ದೇನೆ. ಜಿಲ್ಲಾ ಮಟ್ಟದ ಒಂದು ವೈರಾಲಜಿ ಲ್ಯಾಬಿನಲ್ಲಿ ಕೋವಿಡ್ ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ಆರ್‌ಟಿ-ಪಿಸಿಆರ್ ಕೈಗೆ ಚೆನ್ನಾಗಿ ಕೂತಿದೆ. ಕಳೆದ ವರ್ಷ ನಮ್ಮಲ್ಲಿ ಇಬ್ಬರನ್ನು ಜೀನೋಮ್ ಸೀಕ್ವೆನ್ಸಿಂಗ್ (ವೈರಸ್ಸಿನ ಇಡೀ ಆನುವಂಶಿಕ ಬರಹವನ್ನು ಅಕ್ಷರ ಅಕ್ಷರವಾಗಿ ಓದುವುದು) ಕಲಿಯಲು ಐದು ದಿನದ ತರಬೇತಿಗೆ ಕಳುಹಿಸಿದರು. ಈಗ ಅಂಗೈ ಅಗಲದ ಒಂದು ಮಿನಯಾನ್ ಸೀಕ್ವೆನ್ಸಿಂಗ್ ಯಂತ್ರವೂ ಬಂದಿದೆ, ಸ್ಯಾಂಪಲ್ ಹಾಕುವ ಅದರ ಎರಡು ಫ್ಲೋ ಸೆಲ್ ಫ್ರಿಜ್ಜಿನಲ್ಲಿ ಕೂತಿವೆ. ಆದರೆ ಯಂತ್ರ ಮುಟ್ಟಲು ಧೈರ್ಯ ಬರುತ್ತಿಲ್ಲ. ತರಬೇತಿಯಲ್ಲಿ ಕಂಪ್ಯೂಟರ್ ಭಾಗ ತಲೆಗೆ ಹೋಗಲೇ ಇಲ್ಲ. ನನಗೀಗ 38 ವರ್ಷ. ಇನ್ನು ಕಲಿಯಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಅನ್ನಿಸಿದ್ದು, ನಿಮ್ಮ ಭಯ ನ್ಯಾಯವಾದದ್ದು ಅಂತ. ಐದು ದಿನ ಕಲಿತು ಬಂದು, ಆರನೇ ದಿನವೇ ಸ್ಯಾಂಪಲ್ ಹಾಕಿ, ಪರದೆ ಮೇಲೆ ಬಂದದ್ದನ್ನು ಹಾಗೇ ಮೇಲಕ್ಕೆ ಕಳುಹಿಸಿದವರನ್ನು ನಾನು ನೋಡಿದ್ದೇನೆ. ಆ ಥರದ ಧೈರ್ಯಕ್ಕಿಂತ ನಿಮ್ಮ ಹಿಂಜರಿಕೆ ಎಷ್ಟೋ ವಾಸಿ. ಖಂಡಿತ ಕಲಿಯಬಹುದು. ಆದರೆ ಏನು ಕಲಿಯಬೇಕು ಅನ್ನುವುದನ್ನು ಮೊದಲು ಬಿಡಿಸಿ ಹೇಳಬೇಕು. ಹೆಚ್ಚಿನ ತರಬೇತಿಗಳು ಇದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತವೆ.

ಯಂತ್ರ ಓಡಿಸುವುದು ಈ ಕೆಲಸದಲ್ಲಿ ಸಣ್ಣ ಪಾಲು. ಒಂದು ತಿಂಗಳು ದಿನಾ ಮಾಡಿದರೆ ಕೈಗೆ ಬರುತ್ತದೆ. ಬಂದ ಜೀನೋಮ್ ನೋಡಿ ‘ಇದನ್ನು ನಂಬಬಹುದು, ಇದನ್ನು ನಂಬಬೇಡಿ, ಇದರ ಈ ಭಾಗ ಮಾತ್ರ ನಂಬಿ’ ಅಂತ ಹೇಳಲು ಬರಬೇಕಲ್ಲ, ಅದಕ್ಕೆ ವರ್ಷವೇ ಬೇಕು. ಆ ತೀರ್ಮಾನ ಮಾಡಬಲ್ಲವರು ಜಿಲ್ಲೆಗೆ ಒಬ್ಬರು ಇದ್ದರೂ ಸಾಕು, ಸಾಂಕ್ರಾಮಿಕ ರೋಗದ ಕಣ್ಗಾವಲು ನಿಜವಾಗಿ ನಡೆಯುತ್ತದೆ.

ಪಿಸಿಆರ್ ಗೊತ್ತಿದ್ದವರಿಗೆ ಅರ್ಧ ದಾರಿ ಆಗಲೇ ಮುಗಿದಿದೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. 2021ರ ನವೆಂಬರ್ ನೆನಪಿಸಿಕೊಳ್ಳಿ. ದಕ್ಷಿಣ ಆಫ್ರಿಕಾದ ಗೌಟೆಂಗ್ ಪ್ರಾಂತ್ಯದ ಒಂದು ಲ್ಯಾಬಿನಲ್ಲಿ ಮೂರು ಜೀನ್ ನೋಡುವ ಪಿಸಿಆರ್ ಕಿಟ್ ಬಳಸುತ್ತಿದ್ದರು. ಎರಡು ಜೀನ್ ಪಾಸಿಟಿವ್ ಬರುತ್ತಿದ್ದವು, ಮೂರನೆಯದಾದ ಎಸ್ ಜೀನ್ (ವೈರಸ್ಸಿನ ಮೇಲಿನ ಮುಳ್ಳು, ಅಂದರೆ ಸ್ಪೈಕ್ ಪ್ರೊಟೀನಿನ ಜೀನ್) ಬರುತ್ತಲೇ ಇರಲಿಲ್ಲ. ಒಂದೆರಡು ಸ್ಯಾಂಪಲ್ ಆಗಿದ್ದರೆ ‘ಕಿಟ್ ಸರಿ ಇಲ್ಲ’ ಅಂದುಕೊಂಡು ಬಿಡಬಹುದಿತ್ತು. ಅವರು ಬಿಡಲಿಲ್ಲ. ಸ್ಯಾಂಪಲ್‌ಗಳನ್ನು ಸೀಕ್ವೆನ್ಸಿಂಗ್‌ಗೆ ಕಳುಹಿಸಿದರು. ಅದೇ ಹೊತ್ತಿಗೆ ಪಕ್ಕದ ಬೋಟ್ಸ್ವಾನಾದಲ್ಲೂ ವಿಚಿತ್ರ ಜೀನೋಮ್‌ಗಳು ಕಾಣಿಸಿಕೊಂಡವು. ನವೆಂಬರ್ 24ಕ್ಕೆ ದಕ್ಷಿಣ ಆಫ್ರಿಕಾ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು, 26ಕ್ಕೆ ಅದಕ್ಕೆ ಒಮಿಕ್ರಾನ್ ಅಂತ ಹೆಸರಾಯಿತು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಘೋಷಣೆಯಾದವು, ಎರಡೂ ನಮ್ಮ ಬೆಂಗಳೂರಿನವು. ಆ ಇಡೀ ಸರಪಳಿಯ ಮೊದಲ ಕೊಂಡಿ ಏನು ಅಂದರೆ, ಪಿಸಿಆರ್ ಗ್ರಾಫ್ ನೋಡುತ್ತಾ ಕೂತವರು ‘ಇದೇನಿದು, ಸರಿ ಕಾಣ್ತಿಲ್ಲವಲ್ಲ’ ಅಂದದ್ದು. ನೀವು ದಿನಾ ನೋಡುವುದು ಅಂಥದೇ ಗ್ರಾಫ್, ಅಲ್ವಾ?

ಈಗ ಕೈ ಕೆಲಸಕ್ಕೆ ಬರೋಣ.

ಪಿಸಿಆರ್ ಲ್ಯಾಬಿನಲ್ಲಿ ಕಲಬೆರಕೆ ಅಂದರೆ ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಸೀಕ್ವೆನ್ಸಿಂಗ್‌ನಲ್ಲಿ ಅದು ಇನ್ನೂ ಜಾಸ್ತಿ. ಕೋವಿಡ್‌ಗೆ ಎಲ್ಲೆಡೆ ಬಳಸಿದ ಆರ್ಟಿಕ್ ವಿಧಾನವನ್ನೇ ತೆಗೆದುಕೊಳ್ಳಿ. ವೈರಸ್ಸಿನ ಜೀನೋಮ್ 29,903 ಅಕ್ಷರ ಉದ್ದ. ಅದನ್ನು ಸುಮಾರು 400 ಅಕ್ಷರಗಳ ತುಂಡುಗಳಾಗಿ, ಒಂದರ ತುದಿ ಇನ್ನೊಂದರ ಮೇಲೆ ಬರುವ ಹಾಗೆ, ಹೆಂಚು ಹೊದಿಸಿದಂತೆ ಪಿಸಿಆರ್‌ನಲ್ಲಿ ಬೆಳೆಸುತ್ತಾರೆ. ಒಂದೊಂದು ಟ್ಯೂಬಿನಲ್ಲೂ ಕೋಟಿ ಕೋಟಿ ಪ್ರತಿಗಳು. ಆರ್‌ಟಿ-ಪಿಸಿಆರ್‌ನಲ್ಲಿ ಆ ಟ್ಯೂಬನ್ನು ನೀವು ತೆರೆಯುವುದೇ ಇಲ್ಲ, ಮುಚ್ಚಿದ ಹಾಗೇ ಬಿಸಾಡುತ್ತೀರಿ. ಸೀಕ್ವೆನ್ಸಿಂಗ್‌ನಲ್ಲಿ ತೆರೆಯಲೇಬೇಕು. ಮುಚ್ಚಳ ತೆಗೆದ ಕ್ಷಣ ಕಣ್ಣಿಗೆ ಕಾಣದ ಹನಿಗಳು ಗ್ಲೌಸ್ ಮೇಲೆ, ಪಿಪೆಟ್ ಮೇಲೆ, ಟೇಬಲ್ ಮೇಲೆ ಕೂರುತ್ತವೆ.

ನನಗೇ ಆದದ್ದನ್ನು ಹೇಳುತ್ತೇನೆ. ಡೆಲ್ಟಾ ಕಾಲ. ಆಗ ನಾನಿದ್ದ ಲ್ಯಾಬಿನಲ್ಲಿ 23 ಸ್ಯಾಂಪಲ್, ಜೊತೆಗೆ ಕಲಬೆರಕೆ ಆಗಿದೆಯೇ ಅಂತ ತಿಳಿಯಲು ಬರೀ ನೀರಿನ ಒಂದು ಟ್ಯೂಬ್ ಇಟ್ಟು ಒಂದು ಬ್ಯಾಚ್ ಓಡಿಸಿದೆವು. ಒಂಬತ್ತು ಸ್ಯಾಂಪಲ್‌ಗಳ ಜೀನೋಮ್ ಅಕ್ಷರಕ್ಕೆ ಅಕ್ಷರ ಒಂದೇ ಬಂತು. ಒಂಬತ್ತೂ ಬೇರೆ ಬೇರೆ ತಾಲೂಕಿನವು. ‘ಒಂದೇ ಮೂಲದಿಂದ ಹರಡಿದೆ’ ಅಂತ ವರದಿ ಬರೆಯಲು ಕೂತುಬಿಟ್ಟಿದ್ದೆ. ನಮ್ಮ ಟೆಕ್ನಿಷಿಯನ್ ಒಬ್ಬರು ಹಿಂದಿನಿಂದ ಬಂದು ನಿಂತು, “ಸರ್, ನೀರಿನ ಟ್ಯೂಬಲ್ಲೂ ಅದೇ ಬಂದಿದೆ, ನೋಡಿದ್ರಾ?” ಅಂದರು. ನಾನು ನೋಡಿರಲಿಲ್ಲ. ಕಾರಣ ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಂದು ನೀಲಿ ರ‍್ಯಾಕ್. ಪಿಸಿಆರ್ ಆದ ಟ್ಯೂಬ್ ಇಡುವ ಕೋಣೆಯಿಂದ ಯಾರೋ ಅದನ್ನು ರೀಏಜೆಂಟ್ (ಪರೀಕ್ಷೆಗೆ ಬೇಕಾದ ರಾಸಾಯನಿಕ) ಬೆರೆಸುವ ಕೋಣೆಗೆ ತಂದಿದ್ದರು. ಎರಡು ವಾರದ ಕೆಲಸ, ದುಬಾರಿ ರೀಏಜೆಂಟ್, ಎಲ್ಲ ಹೋಯಿತು. ಆದರೆ ಆ ವರದಿ ಹೊರಗೆ ಹೋಗಿದ್ದರೆ ಆಗುತ್ತಿದ್ದ ಅನಾಹುತದ ಮುಂದೆ ಇದೇನೂ ಅಲ್ಲ. ಅವತ್ತಿನಿಂದ ನಾನು ಯಾರಿಗೇ ಕಲಿಸಲಿ, ಮೊದಲು ತೆರೆಯಿಸುವುದು ನೀರಿನ ಟ್ಯೂಬಿನ ಫೈಲ್. ಅದರಲ್ಲಿ ಏನೂ ಇಲ್ಲ ಅಂತ ಖಾತ್ರಿ ಆದಮೇಲೆ ಉಳಿದ ಫೈಲ್.

ಹಾಗಾಗಿ ನಿಮ್ಮ ಮೊದಲ ಪಾಠ ಯಂತ್ರದ್ದಲ್ಲ, ಕೋಣೆಗಳದ್ದು. ರೀಏಜೆಂಟ್ ಬೆರೆಸುವ ಜಾಗ, ಆರ್‌ಎನ್‌ಎ ಹಾಕುವ ಜಾಗ, ಪಿಸಿಆರ್ ಆದಮೇಲಿನ ಜಾಗ. ಈ ಮೂರೂ ಬೇರೆ ಬೇರೆ ಇರಬೇಕು, ಓಡಾಟ ಒಂದೇ ದಿಕ್ಕಿನಲ್ಲಿ ಇರಬೇಕು. ಪಿಪೆಟ್, ಕೋಟ್, ರ‍್ಯಾಕ್, ಬರೆಯುವ ಪೆನ್ನು ಕೂಡ ಆಯಾ ಕೋಣೆಯದು ಅಲ್ಲೇ ಇರಬೇಕು. ನಮ್ಮ ರ‍್ಯಾಕ್‌ಗಳಿಗೆ ಆಮೇಲೆ ಬಣ್ಣದ ಟೇಪ್ ಸುತ್ತಿದೆವು. ಹತ್ತು ರೂಪಾಯಿ ಖರ್ಚು.

ಇನ್ನೊಂದು, ನೋಟ್ಸ್ ಓದಿ ಬರುವಂಥದ್ದಲ್ಲ, ನೋಡಿಯೇ ಕಲಿಯಬೇಕು: ಬೀಡ್ (ಸಣ್ಣ ಮಣಿ) ತೊಳೆಯುವುದು, ಅಂದರೆ ಡಿಎನ್‌ಎ ಶುದ್ಧ ಮಾಡುವ ಹಂತ. ಬಹಳ ರನ್‌ಗಳು (ಯಂತ್ರದ ಓಟಗಳು) ಕೆಡುವುದು ಇಲ್ಲೇ. ಕಾಫಿ ಡಿಕಾಕ್ಷನ್ ಬಣ್ಣದ ಆ ಮ್ಯಾಗ್ನೆಟಿಕ್ ಬೀಡ್‌ಗಳಿಗೆ ಡಿಎನ್‌ಎ ಅಂಟಿಕೊಳ್ಳುತ್ತದೆ. ಟ್ಯೂಬನ್ನು ಅಯಸ್ಕಾಂತದ ಸ್ಟ್ಯಾಂಡಿಗೆ ಇಟ್ಟರೆ ಬೀಡ್ ಎಲ್ಲ ಒಂದು ಪಕ್ಕಕ್ಕೆ ಸರಿದು ಕಂದು ಬೊಟ್ಟಿನ ಹಾಗೆ ಕೂರುತ್ತದೆ. ಮೇಲಿನ ದ್ರವ ತೆಗೆದು, ಅವತ್ತೇ ಬೆರೆಸಿದ ಎಥನಾಲಿನಲ್ಲಿ ಎರಡು ಸಲ ತೊಳೆಯಬೇಕು. ನಿನ್ನೆಯದ್ದು ಬೇಡ. ಎಥನಾಲ್ ಗಾಳಿಗೆ ಹಾರಿ ಅದರ ಪ್ರಮಾಣ ಬದಲಾಗಿರುತ್ತದೆ. ಆಮೇಲೆ ಒಣಗಲು ಬಿಡಬೇಕು. ಎಷ್ಟು ಹೊತ್ತು? ಹಾಳೆಯಲ್ಲಿ ‘30 ಸೆಕೆಂಡ್’ ಅಂತ ಇರುತ್ತದೆ. ಆದರೆ ಮಳೆಗಾಲದ ಮಂಗಳೂರಿನ 30 ಸೆಕೆಂಡೇ ಬೇರೆ, ಏಪ್ರಿಲ್ ತಿಂಗಳ ಕಲಬುರಗಿಯ 30 ಸೆಕೆಂಡೇ ಬೇರೆ. ಗಡಿಯಾರ ಬಿಟ್ಟು ಬೊಟ್ಟನ್ನು ನೋಡಿ. ಒದ್ದೆಯಿದ್ದಾಗ ಹೊಳೆಯುತ್ತದೆ. ಹೊಳಪು ಹೋಗಿ ಮಂಕಾದ ಕೂಡಲೇ ಮುಂದಿನ ಬಫರ್ ದ್ರವ ಹಾಕಬೇಕು. ಬಿಟ್ಟರೆ ಬೇಸಿಗೆಯ ಕೆರೆ ಮಣ್ಣಿನ ಹಾಗೆ ಸೀಳು ಬಿಡುತ್ತದೆ. ಸೀಳು ಬಿಟ್ಟ ಬೀಡಿನಿಂದ ಡಿಎನ್‌ಎ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಬೇಗ ಬಫರ್ ಹಾಕಿದರೆ ಎಥನಾಲ್ ಉಳಿದು ಮುಂದಿನ ಎನ್ಜೈಮ್ ಕೆಲಸ ಮಾಡುವುದಿಲ್ಲ. ಹತ್ತು ಸಲ ಮಾಡಿದವರಿಗೆ ಇದು ಕಣ್ಣಿಗೇ ಗೊತ್ತಾಗುತ್ತದೆ. ಐದು ದಿನದ ತರಬೇತಿಯಲ್ಲಿ ನಿಮಗೆ ಎಷ್ಟು ಸಲ ಮಾಡಲು ಸಿಕ್ಕಿರಬಹುದು? ಒಂದು ಸಲ ಸಿಕ್ಕಿದ್ದರೆ ಪುಣ್ಯ. ಉಳಿದವರು ಸುತ್ತ ನಿಂತು ನೋಡಿರುತ್ತಾರೆ.

ಫ್ಲೋ ಸೆಲ್‌ಗೆ ಸ್ಯಾಂಪಲ್ ಹಾಕುವುದೂ ಹಾಗೇ. ಮಿನಯಾನ್ ಫ್ಲೋ ಸೆಲ್ಲಿನ ಒಳಗೆ 2,048 ಸಣ್ಣ ರಂಧ್ರಗಳಿವೆ. 512 ಚಾನೆಲ್‌ಗಳ ಮೂಲಕ ಅವನ್ನು ಓದುತ್ತಾರೆ. ಡಿಎನ್‌ಎ ಎಳೆ ರಂಧ್ರದೊಳಗೆ ಹಾಯುವಾಗ ವಿದ್ಯುತ್ ಹರಿವು ಏರಿಳಿಯುತ್ತದೆ, ಆ ಏರಿಳಿತವೇ ಅಕ್ಷರವಾಗುತ್ತದೆ. ಒಳಗೆ ಒಂದು ಗಾಳಿಗುಳ್ಳೆ ಹೋದರೆ ಅದು ಹಾದುಹೋದ ಕಡೆಯ ರಂಧ್ರಗಳೆಲ್ಲ ಸತ್ತ ಹಾಗೆಯೇ. ಅದಕ್ಕೇ ಮೊದಲು ಪಿಪೆಟ್ಟಿನಿಂದ ಸ್ವಲ್ಪ ದ್ರವವನ್ನು ಹಿಂದಕ್ಕೆ ಎಳೆದು ಗಾಳಿ ಹೊರಬಂತೇ ನೋಡುತ್ತಾರೆ. ಆಮೇಲೆ ಸ್ಯಾಂಪಲ್ಲನ್ನು ಹನಿ ಹನಿಯಾಗಿ, ಒಂದು ಒಳಗೆ ಇಳಿದಮೇಲೆ ಇನ್ನೊಂದು ಅನ್ನುವ ಹಾಗೆ ಬಿಡುತ್ತಾರೆ. ಕೈ ನಡುಗುವುದು ಸಹಜ, ನನಗೂ ನಡುಗುತ್ತಿತ್ತು. ಬಳಸಿ ಮುಗಿದ ಫ್ಲೋ ಸೆಲ್ ಯಾರಲ್ಲಾದರೂ ಇದ್ದರೆ ಕೇಳಿ ತರಿಸಿಕೊಳ್ಳಿ. ಬರೀ ಬಫರ್ ಹಾಕಿ ಇಪ್ಪತ್ತು ಸಲ ಅಭ್ಯಾಸ ಮಾಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಯಾವ ಸ್ಯಾಂಪಲ್ ಹಾಕಬೇಕು ಅನ್ನುವುದು ನೀವು ಬೇಗ ಕಲಿಯುವ ಭಾಗ, ಏಕೆಂದರೆ ಸಿಟಿ ಮೌಲ್ಯ (ವೈರಸ್ ಪತ್ತೆಯಾಗಲು ಪಿಸಿಆರ್‌ನಲ್ಲಿ ಎಷ್ಟು ಸುತ್ತು ಬೇಕಾಯಿತು ಅನ್ನುವ ಅಂಕೆ) ನಿಮಗೆ ಮನೆ ಮಾತು. ಸಿಟಿ ಸುಮಾರು 3.3 ಹೆಚ್ಚಾದರೆ ವೈರಸ್ ಹತ್ತರಲ್ಲಿ ಒಂದು ಪಾಲಾಗುತ್ತದೆ. 20ರ ಸ್ಯಾಂಪಲ್ಲಿಗೂ 33ರ ಸ್ಯಾಂಪಲ್ಲಿಗೂ ಸುಮಾರು ಹತ್ತು ಸಾವಿರ ಪಟ್ಟು ಅಂತರ. 30ರ ಕೆಳಗಿರುವುದನ್ನು ಮೊದಲು ಆರಿಸಿಕೊಳ್ಳಿ. 34ರ ಸ್ಯಾಂಪಲ್ಲಿನಿಂದ ತೂತು ತೂತಾದ ಜೀನೋಮ್ ಬರುತ್ತದೆ, ಅಷ್ಟೇ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಸುಲಭವಾಗಿ ಸಿಕ್ಕ ಸ್ಯಾಂಪಲ್‌ಗಳನ್ನೇ ಓಡಿಸಿದರೆ ಅದು ಕಣ್ಗಾವಲು ಆಗುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಐಸಿಯುನಿಂದಲೇ ಎಲ್ಲ ಸ್ಯಾಂಪಲ್ ಬಂದರೆ ನೀವು ನೋಡುತ್ತಿರುವುದು ಐಸಿಯು, ಜಿಲ್ಲೆಯನ್ನಲ್ಲ. ಒಂದು ಹೊಸ ತಳಿ ನೂರರಲ್ಲಿ ಒಬ್ಬರಲ್ಲಿ ಇದೆ ಅಂದುಕೊಳ್ಳಿ. ಅದು ಒಂದು ಸಲವಾದರೂ ಕಣ್ಣಿಗೆ ಬೀಳುತ್ತದೆ ಅಂತ ಶೇ 95ರಷ್ಟು ಭರವಸೆ ಬೇಕಾದರೆ ಸುಮಾರು 300 ಸ್ಯಾಂಪಲ್ ನೋಡಬೇಕು. ನೂರರಲ್ಲಿ ಐವರಲ್ಲಿ ಇದ್ದರೆ 60 ಸಾಕು. ಈ ಲೆಕ್ಕ ನಿಲ್ಲುವುದು ಸ್ಯಾಂಪಲ್‌ಗಳನ್ನು ಆರಿಸದೆ, ಎಲ್ಲ ಕಡೆಯಿಂದ ತೆಗೆದುಕೊಂಡರೆ ಮಾತ್ರ. ನಿಮ್ಮ ಜಿಲ್ಲಾ ಕಣ್ಗಾವಲು ಅಧಿಕಾರಿಯ ಜೊತೆ ಕೂತು ‘ಯಾವ ತಾಲೂಕಿನಿಂದ ವಾರಕ್ಕೆ ಎಷ್ಟು’ ಅಂತ ಒಂದು ಪಟ್ಟಿ ಮಾಡಿಸಿಕೊಳ್ಳಿ. ಆ ಪಟ್ಟಿ ಇಲ್ಲದೆ ಯಂತ್ರ ಓಡಿಸಿ ಪ್ರಯೋಜನ ಕಮ್ಮಿ.

ಈಗ ನಿಮ್ಮನ್ನು ಹೆದರಿಸಿದ ಕಂಪ್ಯೂಟರ್. ನಿಮಗೆ ಪ್ರೋಗ್ರಾಮಿಂಗ್ ಬೇಕಿಲ್ಲ. ಪ್ರೋಗ್ರಾಂ ಬರೆಯುವವರು ಬೇರೆ ಇದ್ದಾರೆ, ಅವರು ಬರೆದದ್ದನ್ನು ಓಡಿಸಿದರೆ ಸಾಕು. ತರಬೇತಿಯಲ್ಲಿ ಸಾಮಾನ್ಯವಾಗಿ ನಾಲ್ಕನೇ ದಿನ ಮಧ್ಯಾಹ್ನ ಊಟ ಆದಮೇಲೆ ಒಬ್ಬರು ಬಂದು, ಕಪ್ಪು ಪರದೆ ತೆರೆದು, ಅರ್ಧ ಗಂಟೆಯಲ್ಲಿ ನಲವತ್ತು ಆಜ್ಞೆ ಟೈಪ್ ಮಾಡಿ ಹೋಗುತ್ತಾರೆ. ಯಾರಿಗೆ ತಾನೇ ಹತ್ತುತ್ತದೆ? ನಾನು ಕಲಿಸುವಾಗ ಮೊದಲ ವಾರ ಐದೇ ಆಜ್ಞೆ. ಎಲ್ಲಿದ್ದೇನೆ, ಇಲ್ಲಿ ಏನೇನಿದೆ, ಆ ಫೋಲ್ಡರಿಗೆ ಹೋಗು, ಈ ಫೈಲಿನ ಮೊದಲ ಸಾಲು ತೋರಿಸು, ಇದನ್ನು ಅಲ್ಲಿಗೆ ಕಾಪಿ ಮಾಡು. ದಿನಾ ಹದಿನೈದು ನಿಮಿಷ. ಲಿನಕ್ಸ್ ಕಾರ್ಯವ್ಯವಸ್ಥೆ ಇರುವ ಒಂದು ಹಳೆ ಲ್ಯಾಪ್‌ಟಾಪ್ ಸಾಕು. ಒಂದು ತಿಂಗಳಲ್ಲಿ ಭಯ ಹೋಗುತ್ತದೆ, ಮೂರು ತಿಂಗಳಲ್ಲಿ ಬೇರೆಯವರು ಬರೆದ ಪೈಪ್‌ಲೈನ್ (ಒಂದಾದ ಮೇಲೊಂದು ಓಡುವ ಪ್ರೋಗ್ರಾಂಗಳ ಸಾಲು) ಓಡಿಸುತ್ತೀರಿ. ವೈರಸ್ಸಿನ ಜೀನೋಮ್ ತಯಾರಾದಮೇಲೆ ನೆಕ್ಸ್ಟ್‌ಕ್ಲೇಡ್‌ನಂಥ ತಾಣಕ್ಕೆ ಫೈಲ್ ಎಳೆದು ಹಾಕಿದರೆ ಯಾವ ಬದಲಾವಣೆ ಎಲ್ಲಿದೆ, ಗುಣಮಟ್ಟ ಹೇಗಿದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ಅಲ್ಲಿ ಕಪ್ಪು ಪರದೆಯೇ ಇಲ್ಲ.

ನೀವು ಕಲಿಯಲೇಬೇಕಾದದ್ದು ಬೇರೆ: ಕಚ್ಚಾ ರೀಡ್‌ಗಳನ್ನು, ಅಂದರೆ ಯಂತ್ರ ಓದಿದ ಒಂದೊಂದು ತುಂಡನ್ನು, ಕಣ್ಣಾರೆ ನೋಡುವುದು. ಐಜಿವಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಒಂದೊಂದು ಜಾಗದಲ್ಲೂ ಎಷ್ಟು ರೀಡ್ ಬಂದಿವೆ, ಅವು ಏನು ಹೇಳುತ್ತಿವೆ ಅಂತ ಗೋಡೆಯ ಇಟ್ಟಿಗೆಗಳಂತೆ ಕಾಣುತ್ತದೆ. ಆರ್ಟಿಕ್ ವಿಧಾನದಲ್ಲಿ ಒಂದು ಜಾಗದಲ್ಲಿ 20ಕ್ಕಿಂತ ಕಡಿಮೆ ರೀಡ್ ಇದ್ದರೆ ಅಲ್ಲಿ ‘ಎನ್’ ಅಂತ ಹಾಕುತ್ತಾರೆ. ‘ಗೊತ್ತಿಲ್ಲ’ ಅಂತ ಅದರ ಅರ್ಥ. ‘ಎನ್’ ಜಾಸ್ತಿ ಬಂದರೆ ನಾಚಿಕೆ ಪಡಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ತುಂಬಿಸುವುದು ಅದಕ್ಕಿಂತ ಕೆಟ್ಟದ್ದು.

ಇದಕ್ಕೆ ಡೆಲ್ಟಾ ಕಾಲದಲ್ಲಿ ನಡೆದ ಒಂದು ಒಳ್ಳೆಯ ಉದಾಹರಣೆ ಇದೆ. ಆಗ ಎಲ್ಲರೂ ಬಳಸುತ್ತಿದ್ದದ್ದು ಆರ್ಟಿಕ್ ಪ್ರೈಮರ್‌ಗಳ (ಪಿಸಿಆರ್‌ನಲ್ಲಿ ಒಂದೊಂದು ತುಂಡು ಬೆಳೆಯಲು ಅದರ ಎರಡೂ ತುದಿಗೆ ಅಂಟಬೇಕಾದ ಸಣ್ಣ ಡಿಎನ್‌ಎ ಚೂರುಗಳು) ಮೂರನೇ ಆವೃತ್ತಿ, 98 ಜೋಡಿ. ಡೆಲ್ಟಾ ತಳಿಯಲ್ಲಿ ಸ್ಪೈಕ್ ಪ್ರೊಟೀನಿನ 142ನೇ ಜಾಗದಲ್ಲಿ ಜಿ ಅನ್ನುವ ಅಮೈನೊ ಆಮ್ಲ ಹೋಗಿ ಡಿ ಆಗಿತ್ತು. ಆ ಜಾಗ ಇದ್ದದ್ದು 72ನೇ ತುಂಡಿನಲ್ಲಿ. ಅದೇ ತುಂಡಿನ ಪ್ರೈಮರ್ ಅಂಟಿಕೊಳ್ಳುವ ಕಡೆ, 157-158ನೇ ಜಾಗದ ಹತ್ತಿರ, ಡೆಲ್ಟಾದಲ್ಲಿ ಕೆಲವು ಅಕ್ಷರಗಳೇ ಬಿಟ್ಟುಹೋಗಿದ್ದವು. ಪ್ರೈಮರ್ ಸರಿಯಾಗಿ ಅಂಟದೆ ಆ ತುಂಡು ಬೆಳೆಯಲೇ ಇಲ್ಲ. ಹೀಗಾಗಿ ಎಷ್ಟೋ ಡೆಲ್ಟಾ ಜೀನೋಮ್‌ಗಳಲ್ಲಿ ಈ ಬದಲಾವಣೆ ಇಲ್ಲವೇ ಇಲ್ಲ ಅನ್ನುವಂತೆ ದಾಖಲಾಯಿತು. ನಿಜವಾಗಿ ಅದು ಇತ್ತು, ನಮಗೆ ಕಂಡಿರಲಿಲ್ಲ ಅಷ್ಟೇ. 2021ರಲ್ಲೇ ನಾಲ್ಕನೇ ಆವೃತ್ತಿಯ ಪ್ರೈಮರ್ ಬಂದಮೇಲೆ ಇದು ಸರಿಹೋಯಿತು. ಐಜಿವಿಯಲ್ಲಿ ಆ ಜಾಗ ತೆರೆದು ನೋಡಿದ್ದರೆ ಗೋಡೆಯಲ್ಲಿ ದೊಡ್ಡ ಕಿಂಡಿ ಕಾಣುತ್ತಿತ್ತು. ಸಾಫ್ಟ್‌ವೇರ್ ಕೊನೆಗೆ ಕೊಡುವ ಒಂದು ಸಾಲಿನ ಉತ್ತರದಲ್ಲಿ ಕಿಂಡಿ ಕಾಣುವುದಿಲ್ಲ. ನಾನು ತರಬೇತಿಯಲ್ಲಿ ಈ ಒಂದು ಉದಾಹರಣೆಗೆ ಇಡೀ ಬೆಳಗ್ಗೆ ಕೊಡುತ್ತೇನೆ.

ಮಾಹಿತಿ ಹಾಳೆಯ ಬಗ್ಗೆ ಎರಡು ಮಾತು. ಜೀನೋಮ್ ಎಷ್ಟೇ ಚೆನ್ನಾಗಿ ಬಂದರೂ, ಸ್ಯಾಂಪಲ್ ತೆಗೆದ ದಿನ ಮತ್ತು ಊರು ತಪ್ಪಿದ್ದರೆ ಅದು ವ್ಯರ್ಥ. ‘03/04’ ಅಂತ ಬರೆದರೆ ನಮಗೆ ಏಪ್ರಿಲ್ 3, ಎಕ್ಸೆಲ್ ಅದನ್ನು ಮಾರ್ಚ್ 4 ಮಾಡಿಬಿಡಬಹುದು. ಎಕ್ಸೆಲ್ಲಿನ ಈ ಚಟಕ್ಕೆ ವಿಜ್ಞಾನಿಗಳೇ ಸೋತು, 2020ರ ಹೊತ್ತಿಗೆ ಮಾರ್ಚ್1, ಸೆಪ್ಟ್1 ಅಂತ ಇದ್ದ ಮಾನವ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ದಿನಾಂಕವನ್ನು ವರ್ಷ-ತಿಂಗಳು-ದಿನ ಅಂತಲೇ ಬರೆಯಿರಿ. ಲ್ಯಾಬಿಗೆ ಬಂದ ದಿನ ಬೇರೆ, ರೋಗಿಯಿಂದ ತೆಗೆದ ದಿನ ಬೇರೆ, ಎರಡಕ್ಕೂ ಬೇರೆ ಕಾಲಂ ಇರಲಿ. ರೋಗಿಯ ಹೆಸರು, ಫೋನ್ ನಂಬರ್ ಫೈಲಿನ ಹೆಸರಿನಲ್ಲಿ ಇರಲೇಬಾರದು. ಆ ಫೈಲ್ ಲೋಕವೆಲ್ಲ ಸುತ್ತುತ್ತದೆ.

ಇನ್ನು, ಏನು ಹೇಳಬಹುದು, ಏನು ಹೇಳಬಾರದು. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಏಕೆಂದರೆ ಇಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ಜನರಿಗೆ. ಕೋವಿಡ್ ವೈರಸ್ ತಿಂಗಳಿಗೆ ಸುಮಾರು ಎರಡು ಅಕ್ಷರ ಬದಲಾಗುತ್ತದೆ. ಅಂದರೆ ಒಂದೇ ವಾರ ಒಂದೇ ಊರಿನಲ್ಲಿ ಸಂಬಂಧವೇ ಇಲ್ಲದ ಇಬ್ಬರಲ್ಲಿ ಒಂದೇ ಜೀನೋಮ್ ಸಿಗಬಹುದು. ‘ಇವರಿಂದ ಅವರಿಗೆ ಬಂತು’ ಅಂತ ಅದರಿಂದ ಹೇಳಲಾಗುವುದಿಲ್ಲ. ಎರಡು ಜೀನೋಮ್ ಹತ್ತು ಅಕ್ಷರ ಬೇರೆ ಇದ್ದರೆ ‘ಇವರಿಂದ ಅವರಿಗೆ ಬಂದಿಲ್ಲ’ ಅಂತ ಬಹುಮಟ್ಟಿಗೆ ಹೇಳಬಹುದು. ಇಲ್ಲ ಅನ್ನುವುದಕ್ಕೆ ಜೀನೋಮ್ ಗಟ್ಟಿ ಸಾಕ್ಷಿ, ಹೌದು ಅನ್ನುವುದಕ್ಕೆ ಅಷ್ಟು ಗಟ್ಟಿಯಲ್ಲ. ಕ್ಷಯದ ಬ್ಯಾಕ್ಟೀರಿಯಾ ಇನ್ನೂ ನಿಧಾನ. 44 ಲಕ್ಷ ಅಕ್ಷರಗಳ ಜೀನೋಮಿನಲ್ಲಿ ಎರಡು ವರ್ಷಕ್ಕೆ ಒಂದು ಅಕ್ಷರ ಬದಲಾದರೆ ಹೆಚ್ಚು. ಆದರೆ ಅಲ್ಲಿ ಯಾವ ಔಷಧಿ ನಾಟುವುದಿಲ್ಲ ಅಂತ ಜೀನೋಮ್ ನೋಡಿ ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಅಂಥ ಬದಲಾವಣೆಗಳ ಪಟ್ಟಿಯನ್ನೇ ಪ್ರಕಟಿಸುತ್ತಿದೆ. ಒಂದೊಂದು ರೋಗಕ್ಕೂ ಪ್ರಶ್ನೆ ಬೇರೆ, ವೇಗ ಬೇರೆ. ಕೋವಿಡ್‌ನಲ್ಲಿ ಕಲಿತದ್ದನ್ನು ಕ್ಷಯಕ್ಕೆ ಹಾಗೇ ಹಚ್ಚಲು ಹೋಗಬೇಡಿ.

ಕೆಲವರು ಕೇಳುತ್ತಾರೆ, ಇದೆಲ್ಲ ದೊಡ್ಡ ಸಂಸ್ಥೆಗಳ ಕೆಲಸ, ಜಿಲ್ಲಾ ಲ್ಯಾಬಿಗೆ ಏಕೆ ಅಂತ. 2020ರ ಡಿಸೆಂಬರಿನಲ್ಲಿ ಕೋವಿಡ್ ಜೀನೋಮ್ ಓದಲು ಸರ್ಕಾರ ಕಟ್ಟಿದ ಇನ್ಸಾಕಾಗ್ ಜಾಲ ಶುರುವಾದಾಗ ಇಡೀ ದೇಶಕ್ಕೆ 10 ಲ್ಯಾಬ್ ಇದ್ದವು. ಬೆಂಗಳೂರಿನಿಂದ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್-ಇನ್‌ಸ್ಟೆಮ್ ಸಂಸ್ಥೆಗಳು ಅದರಲ್ಲಿದ್ದವು. ಅವರು ಹಗಲು ರಾತ್ರಿ ದುಡಿದರು. ಆದರೂ ಜಿಲ್ಲೆಯಿಂದ ಸ್ಯಾಂಪಲ್ ಹೊರಟು, ಐಸ್ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಿ, ಸರದಿ ಕಾದು, ಉತ್ತರ ಬರುವಷ್ಟರಲ್ಲಿ ಅಲೆ ಮುಂದಿನ ಊರಿಗೆ ಹೋಗಿರುತ್ತಿತ್ತು. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಇದ್ದಾಗ, ಬ್ರಿಟನ್ನಿನಿಂದ ಜೋಶ್ ಕ್ವಿಕ್ ಅನ್ನುವ ವಿಜ್ಞಾನಿ ಇಡೀ ಸೀಕ್ವೆನ್ಸಿಂಗ್ ಲ್ಯಾಬನ್ನು ವಿಮಾನದ ಸಾಮಾನು ಸರಂಜಾಮಿನಲ್ಲಿ ಹೊತ್ತುಕೊಂಡು ಹೋದರು. ಒಟ್ಟು 50 ಕಿಲೋ ಕೂಡ ಇರಲಿಲ್ಲ. ಅಲ್ಲೇ 142 ಸ್ಯಾಂಪಲ್‌ಗಳ ಜೀನೋಮ್ ಓದಿದರು, ಸ್ಯಾಂಪಲ್ ಕೈಗೆ ಬಂದು 24 ಗಂಟೆಯೊಳಗೆ ಉತ್ತರ ಕೊಡಬಹುದು ಅಂತ ತೋರಿಸಿದರು. ನಿಮ್ಮ ಟೇಬಲ್ ಮೇಲಿರುವುದು ಅದೇ ಜಾತಿಯ ಯಂತ್ರ.

ಆದರೆ ಯಂತ್ರ ಹೊತ್ತು ತರುವವರು ಒಂದು ದಿನ ವಾಪಸ್ ಹೋಗುತ್ತಾರೆ. ಊರಲ್ಲೇ ಕಲಿತವರು ಇರಬೇಕು. ನೈಜೀರಿಯಾದ ಎಡೆ ಅನ್ನುವ ಪಟ್ಟಣದಲ್ಲಿ ವಿಜ್ಞಾನಿ ಕ್ರಿಶ್ಚಿಯನ್ ಹ್ಯಾಪಿ ಅವರು ಕಟ್ಟಿದ ಜೀನೋಮ್ ಕೇಂದ್ರ ಇದೆ. ಅಲ್ಲಿ ಮೊದಲಿನಿಂದಲೂ ಯಂತ್ರದಷ್ಟೇ ಗಮನ ಜನರನ್ನು ತಯಾರು ಮಾಡುವುದಕ್ಕೂ ಇತ್ತು. 2020ರಲ್ಲಿ ನೈಜೀರಿಯಾದಲ್ಲಿ ಮೊದಲ ಕೋವಿಡ್ ರೋಗಿ ಪತ್ತೆಯಾಗಿ ಮೂರೇ ದಿನದಲ್ಲಿ ಅವರು ಜೀನೋಮ್ ಓದಿ ಪ್ರಕಟಿಸಿದರು. ಆಫ್ರಿಕಾ ಖಂಡದಿಂದ ಬಂದ ಮೊದಲ ಕೋವಿಡ್ ಜೀನೋಮ್ ಅದು. ಮೂರು ದಿನದ ಹಿಂದೆ ವರ್ಷಗಳ ಅಭ್ಯಾಸ ಇತ್ತು.

ನಮ್ಮಲ್ಲೂ ಮಾದರಿ ಇದೆ, ಅದೂ ಬೆಂಗಳೂರಿನಲ್ಲೇ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಜೀನೋಮ್ ಕಣ್ಗಾವಲಿಗಾಗಿ ಭಾರತ, ಕೊಲಂಬಿಯಾ, ನೈಜೀರಿಯಾ, ಫಿಲಿಪೀನ್ಸ್ ದೇಶಗಳ ಲ್ಯಾಬ್‌ಗಳು ಬ್ರಿಟನ್ನಿನವರ ಜೊತೆ ಸೇರಿ ಒಂದು ಜಾಲ ಕಟ್ಟಿದವು. ಭಾರತದಿಂದ ಅದರಲ್ಲಿದ್ದದ್ದು ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ (ಕಿಮ್ಸ್) ಸೆಂಟ್ರಲ್ ರಿಸರ್ಚ್ ಲ್ಯಾಬೊರೇಟರಿ. ಅವರ ತರಬೇತಿಯಲ್ಲಿ ನನಗೆ ಇಷ್ಟವಾದದ್ದು ಒಂದು. ಬಂದವರಿಗೆ ಬರೀ ಕಲಿಸಿ ಕಳುಹಿಸಲಿಲ್ಲ, ಕಲಿಸುವುದು ಹೇಗೆ ಅಂತಲೂ ಹೇಳಿಕೊಟ್ಟರು. ತಮ್ಮ ಊರಿಗೆ ಹೋಗಿ ತಾವೇ ತರಬೇತಿ ನಡೆಸಬೇಕು ಅಂತ ತಯಾರು ಮಾಡಿದರು. ಇನ್ನೊಬ್ಬರಿಗೆ ಹೇಳಿಕೊಡಬೇಕು ಅಂತ ಗೊತ್ತಿದ್ದರೆ ನಾವು ಕೇಳುವ ರೀತಿಯೇ ಬದಲಾಗುತ್ತದೆ, ಅಲ್ವಾ? ನಿಮ್ಮ ಜೊತೆ ಬಂದ ಇನ್ನೊಬ್ಬರು ಇದ್ದಾರಲ್ಲ, ಅವರಿಗೆ ವಾರಕ್ಕೊಂದು ಗಂಟೆ ನೀವು ಕಲಿಸಿ, ನಿಮಗೆ ಅವರು ಕಲಿಸಲಿ. ಒಬ್ಬರು ವರ್ಗವಾಗಿ ಹೋದರೂ ಕೆಲಸ ನಿಲ್ಲುವುದಿಲ್ಲ.

ನಿಮ್ಮ ಮೇಲಧಿಕಾರಿಗಳ ಹತ್ತಿರ ಮೂರು ವಿಷಯ ಕೇಳಿ. ಕೇಳಲು ಸಂಕೋಚ ಬೇಡ. ತರಬೇತಿ ಆದಮೇಲೆ ಆರು ತಿಂಗಳು ಫೋನ್ ಎತ್ತುವ ಒಬ್ಬ ಅನುಭವಿ ಬೇಕು. ರನ್ ನಡೆಯುವಾಗ ‘ರಂಧ್ರಗಳು ಕಮ್ಮಿ ಆಗ್ತಿವೆ, ನಿಲ್ಲಿಸಲಾ?’ ಅಂತ ನೀವು ಕೇಳಬಹುದಾದಂಥವರು. ಎರಡನೆಯದು, ಹದಿನೈದು ದಿನಕ್ಕೆ ಒಂದು ರನ್ ಆದರೂ ಮಾಡಲು ಬೇಕಾದ ರೀಏಜೆಂಟ್. ಟೆಂಡರ್ ಮುಗಿದು ಕಿಟ್ ಬರುವಷ್ಟರಲ್ಲಿ ಅದರ ಅವಧಿ ಮುಗಿಯುವ ಹಾಗಿದ್ದರೆ ಕಲಿತ ಕೈ ಕೂಡ ಮರೆಯುತ್ತದೆ. ಮೂರನೆಯದು, ನೀವು ಕಳುಹಿಸಿದ ಫಲಿತಾಂಶಕ್ಕೆ ಉತ್ತರ. ಬಹಳ ಲ್ಯಾಬಿನವರು ಈ ಕೊನೆಯದು ಇಲ್ಲದೆಯೇ ಉತ್ಸಾಹ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಆರು ತಿಂಗಳು ಕಳುಹಿಸುತ್ತಾರೆ, ಅದರಿಂದ ಏನಾಯಿತು ಅಂತ ಯಾರೂ ಒಂದು ಮಾತು ಹೇಳುವುದಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಸಭೆ ಸೇರಿದರೆ ಸಾಕು.

ನಿಮ್ಮ ಜಿಲ್ಲೆ ಮಲೆನಾಡಿನ ಕಡೆಯದಾಗಿದ್ದರೆ ಮಂಗನ ಕಾಯಿಲೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಈ ವೈರಸ್ ಮೊದಲು ಗೊತ್ತಾಯಿತು. ಉಣುಗು ಕಚ್ಚಿ ಬರುತ್ತದೆ. ದಶಕಗಳ ಕಾಲ ಶಿವಮೊಗ್ಗ ಮತ್ತು ಸುತ್ತಲ ಕೆಲವು ಜಿಲ್ಲೆಗಳಲ್ಲೇ ಇತ್ತು. 2012ರಲ್ಲಿ ಬಂಡೀಪುರದ ಕಡೆ ಕಾಣಿಸಿತು, ಆಮೇಲೆ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಂಡಿತು. ಹೊಸ ಜಾಗಕ್ಕೆ ಹೊಸದಾಗಿ ಬಂತೇ, ಮೊದಲೇ ಅಲ್ಲಿದ್ದು ನಮಗೆ ಕಾಣದೆ ಹೋಗಿತ್ತೇ? ಇಂಥ ಪ್ರಶ್ನೆಗೆ ಜೀನೋಮ್ ಹತ್ತಿರದ ಉತ್ತರ ಕೊಡಬಲ್ಲದು. ಸುಮಾರು 11 ಸಾವಿರ ಅಕ್ಷರಗಳ ಸಣ್ಣ ಜೀನೋಮ್ ಅದು. ಆದರೆ ಇದು ಅಪಾಯಕಾರಿ ವೈರಸ್. ಅದನ್ನು ಬೆಳೆಸುವ ಕೆಲಸ ಪುಣೆಯ ರಾಷ್ಟ್ರೀಯ ವೈರಾಲಜಿ ಸಂಸ್ಥೆಯಂಥ (ಎನ್‌ಐವಿ) ಹೆಚ್ಚಿನ ಸುರಕ್ಷತೆಯ ಲ್ಯಾಬಿನದು, ನಿಮ್ಮದಲ್ಲ. ಸ್ಯಾಂಪಲ್ಲಿನ ವೈರಸ್ಸನ್ನು ನಿಷ್ಕ್ರಿಯ ಮಾಡಿ ಆರ್‌ಎನ್‌ಎ ತೆಗೆಯುವವರೆಗೂ ಅದಕ್ಕೆ ಹೇಳಿದ ನಿಯಮ ಒಂದಿಷ್ಟೂ ತಪ್ಪಬಾರದು. ಮೊದಲ ವರ್ಷ ಇದಕ್ಕೆ ಕೈ ಹಾಕಬೇಡಿ. ಡೆಂಗಿ, ಇನ್‌ಫ್ಲುಯೆಂಜಾ, ಕೋವಿಡ್‌ನಲ್ಲಿ ಕೈ ಪಳಗಲಿ.

38 ತಡವೇ ಅಂತ ಕೇಳಿದ್ದೀರಿ. ನಾನು ಕಲಿಸಿದವರಲ್ಲಿ ನೀರಿನ ಟ್ಯೂಬನ್ನು ಮೊದಲು ನೋಡುವವರು, ದಿನಾಂಕ ಸರಿ ಬರೆಯುವವರು, ಸಂಶಯ ಬಂದರೆ ಮತ್ತೆ ಮಾಡುವವರು ಹೆಚ್ಚಾಗಿ ಹತ್ತಾರು ವರ್ಷ ಬೆಂಚಿನಲ್ಲಿ ಕೂತು ಬಂದವರೇ. ಇಪ್ಪತ್ತೈದರ ಹುಡುಗರು ಲಿನಕ್ಸ್ ಬೇಗ ಕಲಿಯುತ್ತಾರೆ, ಹೌದು. ಬೀಡಿನ ಹೊಳಪು ಹೋದದ್ದನ್ನು ನೀವು ಅವರಿಗಿಂತ ಬೇಗ ಗುರುತಿಸುತ್ತೀರಿ.

ಫ್ರಿಜ್ಜಿನಲ್ಲಿರುವ ಆ ಎರಡು ಫ್ಲೋ ಸೆಲ್‌ಗಳನ್ನು ಹೊರಗೆ ತೆಗೆಯಿರಿ. ಮೊದಲು, ಎಷ್ಟು ರಂಧ್ರ ಕೆಲಸ ಮಾಡುತ್ತಿವೆ ಅಂತ ಎಣಿಸುವ ಫ್ಲೋ ಸೆಲ್ ಚೆಕ್ ಓಡಿಸಿ, ಕೆಲವೇ ನಿಮಿಷದ ಕೆಲಸ, ಅದರಿಂದ ಏನೂ ಹಾಳಾಗುವುದಿಲ್ಲ. ಹೊಸ ಫ್ಲೋ ಸೆಲ್ಲಿನಲ್ಲಿ ಕನಿಷ್ಠ 800 ರಂಧ್ರ ಕೆಲಸ ಮಾಡುತ್ತಿರಬೇಕು. ಕಡಿಮೆ ಇದ್ದರೆ, ವಾರಂಟಿ ಗಡುವು ಇನ್ನೂ ಇದೆಯೇ ಅಂತ ಪೆಟ್ಟಿಗೆ ನೋಡಿ ಬದಲಿ ಕೇಳಿ. ಗಡುವು ಮುಗಿದಿದ್ದರೆ ಚಿಂತೆ ಬೇಡ, ಅದನ್ನು ಕಲಿಕೆಗೆ ಇಟ್ಟುಕೊಳ್ಳಿ. ರೋಗಿಯ ಸ್ಯಾಂಪಲ್ ಬೇಡವೇ ಬೇಡ. ಲ್ಯಾಂಬ್ಡಾ ಡಿಎನ್‌ಎ (ಬ್ಯಾಕ್ಟೀರಿಯಾಕ್ಕೆ ತಗಲುವ ಒಂದು ವೈರಸ್ಸಿನದು) ತರಿಸಿ ಓಡಿಸಿ. ಅದು 48,502 ಅಕ್ಷರ, ಉತ್ತರ ಮೊದಲೇ ಎಲ್ಲರಿಗೂ ಗೊತ್ತಿರುವ ಲೆಕ್ಕ. ನಿಮಗೆ ಅದೇ ಉತ್ತರ ಬಂತೇ, ಎಲ್ಲಿ ತಪ್ಪಿತು, ಎಲ್ಲಿ ರೀಡ್ ಕಮ್ಮಿ ಇದೆ ಅಂತ ಐಜಿವಿಯಲ್ಲಿ ನೋಡಿ. ಎಷ್ಟು ರಂಧ್ರ ಉಳಿದಿದ್ದವು, ನೀರಿನ ಟ್ಯೂಬಿನಲ್ಲಿ ಏನು ಬಂತು, ಎರಡನ್ನೂ ನನಗೆ ಬರೆದು ತಿಳಿಸಿ. ಮುಂದಿನ ಹೆಜ್ಜೆ ಅದನ್ನು ನೋಡಿ ಹೇಳುತ್ತೇನೆ.